ತಪ್ಪಿಲ್ಲದ ಇಂಗ್ಲಿಷ್

ಚಾದರದ ಆ ತುದಿ ಸಡಿಲವಾದರೆ ಅಕ್ಕ ಓಡಬೇಕು. ಅವರಿಬ್ಬರ ನಡುವಿನ ಒಪ್ಪಂದ ಇಷ್ಟೇ.

ದೊಡ್ಡ ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅಕ್ಕತಂಗಿಯರದು ಮಡಿಸುವ ಮೇಜಿನ ಕೆಲಸ. ಮೇಜಿನ ಆಚೆಗೊಬ್ಬಳು, ಈಚೆಗೊಬ್ಬಳು, ನಡುವೆ ಬಿಳಿ ಚಾದರ. ಎಳೆದು ಹಿಡಿದು, ಕೊಡವಿ, ಮೂಲೆಗೆ ಮೂಲೆ ಕೂಡಿಸಬೇಕು. ತಂಗಿಗೆ ಮೂರ್ಛೆ ಬರುವ ಮುಂಚೆ ಬೆರಳ ಬಿಗಿ ತಪ್ಪುತ್ತಿತ್ತು. ಮುಖ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಚಾದರ ಹಿಡಿದವಳಿಗೆ ಮಾತ್ರ ಗೊತ್ತಾಗುತ್ತಿತ್ತು. ಬಟ್ಟೆ ಜೋಲು ಬಿದ್ದದ್ದೇ ತಡ, ಅಕ್ಕ ಮೇಜು ಸುತ್ತಿ ಬಂದು ಅವಳನ್ನು ತಬ್ಬಿ ಹಿಡಿದು, ಚಾದರದ ರಾಶಿಯ ಹಿಂದೆ ಮೆಲ್ಲಗೆ ಮಲಗಿಸುತ್ತಿದ್ದಳು. ಯಾರಾದರೂ ಕೇಳಿದರೆ ಒಂದೇ ಉತ್ತರ: "ಬೆಳಗ್ಗೆ ಏನೂ ತಿಂದಿಲ್ಲ ಮಹಾರಾಣಿ. ತಲೆ ಸುತ್ತಿದೆ."

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಿಜ ಹೇಳಿದ್ದರು. ಅಯ್ಯೋ ಪಾಪ ಎಂದವರೇ ಮರುದಿನ ಗೇಟು ತೋರಿಸಿದ್ದರು. ಅಂದಿನಿಂದ ಇಬ್ಬರೂ ಆ ಮಾತಿಗೆ ಬೀಗ ಜಡಿದುಬಿಟ್ಟಿದ್ದರು.

ಹೀಗೆ ದಿನ ತಳ್ಳುತ್ತಿರುವಾಗ ಹೊಸ ಮ್ಯಾನೇಜರ್ ಬಂದಳು. ಸಣ್ಣ ವಯಸ್ಸು, ಚುರುಕು ನಡಿಗೆ, ಬಾಯಿ ತೆರೆದರೆ ಇಂಗ್ಲಿಷ್ ಬಿಟ್ಟು ಇನ್ನೊಂದು ಬಾರದು. ಅವಳ ಬೆನ್ನಿಗೇ ಸುದ್ದಿಯೂ ಬಂತು. ತಂದವಳು ರೇಡಿಯೋ. ಟಬ್ಬಿನ ವಿಭಾಗದ ಹೆಂಗಸು. ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಯಾರ ಕೈಗೂ ಸಿಗದ ಕಾರಣ ಎಲ್ಲರೂ ಇಟ್ಟ ಹೆಸರದು.

"ಕೇಳಿದ್ರೇನ್ರೇ? ಮಡಿಸೋಕೆ ಮಿಷನ್ ಬರುತ್ತಂತೆ! ನಿಮ್ಮ ಮೇಜೆಲ್ಲ ಇನ್ನು ಸೌದೆಗೆ. ಮಡಿಸೋರನ್ನೆಲ್ಲ ಚದುರಿಸ್ತಾರಂತೆ. ಎಳೇ ಕೈಗಳು ಉರುಳೆಗೆ."

ಉರುಳೆ ಎಂದರೆ ಒದ್ದೆ ಚಾದರವನ್ನು ನುಂಗಿ ಗರಿಗರಿಯಾಗಿ ಉಗುಳುವ ಇಸ್ತ್ರಿ ಯಂತ್ರ. ಎರಡು ಕಾದ ಉಕ್ಕಿನ ದಿಂಡುಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತಿರುತ್ತವೆ. ಅವುಗಳ ಬಾಯಿಗೆ ಬಟ್ಟೆಯನ್ನು ಕೈಯಿಂದಲೇ ಉಣಿಸಬೇಕು. ಅಕ್ಕ ತಂಗಿಯ ಬೆರಳುಗಳನ್ನು ನೋಡಿದಳು. ತಂಗಿ ಮಾತ್ರ ನಕ್ಕಳು. "ಬಿಡೇ, ಚಳಿಗಾಲಕ್ಕೆ ಒಳ್ಳೇದೇ."

"ಮ್ಯಾನೇಜರ್ ಹತ್ರ ಮಾತಾಡ್ತೀನಿ. ಇಬ್ಬರನ್ನೂ ಒಂದೇ ಕಡೆ ಹಾಕಿ ಅಂತ ಕೇಳ್ತೀನಿ," ಎಂದಳು ಅಕ್ಕ.

"ನಡಿ, ನಾನೂ ಬರ್ತೀನಿ," ಎಂದು ರೇಡಿಯೋ ಸೆರಗು ಸಿಕ್ಕಿಸಿಕೊಂಡಳು. "ನನ್ನ ಇಂಗ್ಲಿಷ್‌ಗೆ ಏನಾಗಿದೆ? 'ಮೀ ಟುಮಾರೋ ನೋ ಕಮ್, ಟೂತ್ ಬಿಗ್ ಬಿಗ್' ಅಂದೆ. ರಜೆ ಕೊಡ್ಲಿಲ್ವಾ? ಮೇಲೆ ಒಂದು ಮಾತ್ರೇನೂ ಕೊಟ್ಲು."

"ನೀನು ಮಾತಾಡಿದ್ರೆ ನಮ್ಮಿಬ್ಬರ ಮರ್ಯಾದೇನೂ ಟಬ್ಬಿಗೆ ಬೀಳುತ್ತೆ. ಸುಮ್ನಿರು."

ಅಕ್ಕ ಸಂಜೆ ತರಗತಿಗೆ ಹೋಗುತ್ತಿದ್ದಳಲ್ಲ, ಅದಕ್ಕೇ ಈ ಜಂಬ. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಫುಲ್‌ಸ್ಟಾಪ್ ಮೇಷ್ಟ್ರು. ವಾಕ್ಯ ತಪ್ಪಿದರೆ ಅಂಗೈ ಎತ್ತಿ ತಡೆಯುತ್ತಿದ್ದ. ಮೊದಲಿನಿಂದ ಹೇಳಬೇಕು. ಮತ್ತೆ ತಪ್ಪಿದರೆ ಮತ್ತೆ ಅಂಗೈ. "ತಪ್ಪು ಇಂಗ್ಲಿಷ್ ಅಂದ್ರೆ ಗುಂಡಿ ಕಿತ್ತ ಅಂಗಿ ಹಾಕ್ಕೊಂಡು ಕೆಲಸ ಕೇಳೋಕೆ ಹೋದಂಗೆ ಕಣಮ್ಮ. ನಿನ್ನ ಮಾತು ಯಾರಿಗೂ ಕೇಳ್ಸಲ್ಲ, ಅಂಗಿಯೊಳಗಿನ ಹೊಟ್ಟೆ ಮಾತ್ರ ಕಾಣುತ್ತೆ."

ಬೇರೆಯವರಿಗೆ ಅದು ಕಿರಿಕಿರಿ. ಅಕ್ಕನಿಗೆ ಅದು ತೀರಾ ಪರಿಚಿತ. ಲಾಂಡ್ರಿಯಲ್ಲೂ ಅದೇ ಕಾನೂನು: ಸಾಸಿವೆಯಷ್ಟು ಕಲೆ ಕಂಡರೂ ಚಾದರ ಹೊರಗೆ ಹೋಗಕೂಡದು, ಮೊದಲ ಟಬ್ಬಿಗೆ ವಾಪಸ್ಸು. ಅವಳು ವಾಕ್ಯಗಳನ್ನೂ ಹಾಗೇ ಒಗೆಯುತ್ತಿದ್ದಳು. ತಲೆಯೊಳಗೆ ನೆನೆಸಿ, ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಎಲ್ಲೋ ಒಂದು ಚುಕ್ಕೆ ಕಂಡರೆ ಮತ್ತೆ ನೆನೆಹಾಕುತ್ತಿದ್ದಳು. ಹಾಗಾಗಿ ಇಷ್ಟು ಕಾಲ ಕಲಿತರೂ ತರಗತಿಯಾಚೆ ಒಂದು ಮಾತೂ ಅವಳ ಬಾಯಿ ದಾಟಿರಲಿಲ್ಲ.

ಮೇಷ್ಟ್ರು ಕೂತು ವಾಕ್ಯ ಕಟ್ಟಿಸಿದ. ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ, ಮುಂದಿನ ಬದಲಾವಣೆಗಳಲ್ಲಿ ನನ್ನ ತಂಗಿ ನನ್ನ ಜೊತೆಯಲ್ಲೇ ಮುಂದುವರಿಯಲು ಸಾಧ್ಯವಾದರೆ ನಾನು ಅತ್ಯಂತ ಕೃತಜ್ಞಳಾಗಿರುತ್ತೇನೆ. ಇಂಗ್ಲಿಷಿನಲ್ಲಿ ಅದು ಗಂಜಿ ಹಾಕಿ ಇಸ್ತ್ರಿ ಮಾಡಿದಂತಿತ್ತು. ಅಕ್ಕ ಅದನ್ನು ಬಸ್ಸಿನಲ್ಲಿ, ಒಲೆಯ ಮುಂದೆ, ಬಚ್ಚಲಲ್ಲಿ ಉರು ಹೊಡೆದಳು. ತಂಗಿ ರೇಗಿಸಿದಳು: "ನಿದ್ದೇಲೂ ಅದನ್ನೇ ಗೊಣಗ್ತೀಯ. ದೆವ್ವ ಹಿಡಿದಿದೆ ಅಂತ ಪಕ್ಕದ ಮನೆಯವ್ರು ಓಡಿಹೋಗ್ತಾರೆ ನೋಡು."

ಆಫೀಸಿನ ಗಾಜಿನ ಬಾಗಿಲು ತಳ್ಳಿ ಅಕ್ಕ ವಾಕ್ಯವನ್ನು ಬಿಚ್ಚಿದಳು. ಎಲ್ಲೂ ಎಡವಲಿಲ್ಲ. ಒಂದು ಸುಕ್ಕೂ ಇಲ್ಲ.

ಮ್ಯಾನೇಜರ್ ಮುಖ ಅರಳಿತು. ಕುರ್ಚಿ ಮುಂದೆಳೆದುಕೊಂಡು ಮಾತು ಶುರು ಮಾಡಿದಳು ನೋಡಿ, ಅಣೆಕಟ್ಟೆಯ ಬಾಗಿಲು ತೆರೆದ ಹಾಗೆ! ಆ ಹೊಳೆಯಲ್ಲಿ ಅಲ್ಲೊಂದು ಇಲ್ಲೊಂದು ಪದ ತೇಲಿಬಂತು. ವಂಡರ್‌ಫುಲ್. ಫ್ಯಾಮಿಲಿ. ಫ್ರಂಟ್. ಉಳಿದದ್ದೆಲ್ಲ ನೀರು. ಸ್ವಲ್ಪ ನಿಧಾನ ಹೇಳಿ ಎನ್ನಬೇಕು. ಆದರೆ ಅದನ್ನು ಸರಿಯಾಗಿ ಹೇಳಬೇಕಲ್ಲ? ಅಕ್ಕ ಒಳಗೇ ಆ ವಾಕ್ಯವನ್ನು ನೆನೆಹಾಕಿದಳು. ಅದು ಒಣಗುವಷ್ಟರಲ್ಲಿ ಮ್ಯಾನೇಜರ್ ಹುಬ್ಬೇರಿಸಿ ಏನೋ ಕೇಳಿ ಸುಮ್ಮನಾಗಿದ್ದಳು. ಉತ್ತರಕ್ಕೆ ಕಾಯುತ್ತಿದ್ದಳು. ಈಗ ಅರ್ಥವಾಗಲಿಲ್ಲ ಎಂದರೆ, ಇಷ್ಟು ಹೊತ್ತು ತಲೆಯಾಡಿಸಿದ್ದೆಲ್ಲ ಸುಳ್ಳು ಎಂದಾಗುತ್ತದೆ.

"ಯೆಸ್, ಮೇಡಂ," ಎಂದಳು ಅಕ್ಕ.

ಮತ್ತೊಂದು ಪ್ರಶ್ನೆ. ಮತ್ತೊಂದು ಯೆಸ್. ಮ್ಯಾನೇಜರ್ ಎದ್ದು ಕೈ ಕುಲುಕಿದಳು. ಅಕ್ಕ ಹೊರಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮಿಷನ್ ಬಂದಿಳಿದ ಬೆಳಗ್ಗೆ ಅಕ್ಕನನ್ನು ಕರೆದು ಬಿಳಿ ಕೋಟು ಕೊಟ್ಟು, ಮುಂಬಾಗಿಲ ಕೌಂಟರಿನಲ್ಲಿ, ಟೆಲಿಫೋನಿನ ಮುಂದೆ ಕೂರಿಸಿದರು. ತಪ್ಪಿ ಕೂರಿಸಿದ್ದಾರೆ ಎಂದುಕೊಂಡು ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಅಷ್ಟರಲ್ಲಿ ರೇಡಿಯೋ ಕೈ ಒರೆಸಿಕೊಳ್ಳುತ್ತಾ ಬಂದಳು.

"ಏನಮ್ಮಾ ಕೌಂಟರ್ ರಾಣಿ! ಹೇಳೋದೇ ಬೇಡ್ವಾ? ನೀನೇ ಒಪ್ಪಿದ್ಯಂತಲ್ಲ. ಇಷ್ಟು ಚೆಂದದ ಇಂಗ್ಲಿಷ್ ಇಟ್ಕೊಂಡು ಮೇಜಿನ ಹತ್ರ ಯಾಕಿದ್ದೆ ಅಂತ ಮ್ಯಾನೇಜರ್ ಎಲ್ಲರ ಮುಂದೆ ಹೊಗಳಿದ್ಲು."

"ತಂಗಿ?"

"ಉರುಳೆಗೆ. ಇಬ್ಬರೂ ಒಂದೇ ಲಾಂಡ್ರೀಲಿ ಇರ್ತೀರಲ್ಲ, 'ಜೊತೇಲಿ' ಅಂದ್ರೆ ಅಷ್ಟೇ ಅಂದ್ಕೊಂಡಿದಾಳೆ. ತಂಗಿ ಉರುಳೆಗೆ ಹೋಗ್ಬಹುದಾ ಅಂತ ನಿನ್ನನ್ನೇ ಕೇಳಿದ್ಲಂತೆ, ನೀನು ಹೂಂ ಅಂದ್ಯಂತೆ. ಯಾಕೆ, ಮುಖ ಯಾಕೆ ಸುಣ್ಣ ಬಳಿದ ಗೋಡೆ ಆಯ್ತು?"

ಟೆಲಿಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ಅದನ್ನು ಹಾಗೇ ಬಿಟ್ಟು ಓಡಿದಳು.

ಮ್ಯಾನೇಜರ್ ಕಾಗದಗಳಿಂದ ತಲೆ ಎತ್ತಿದಳು. ಅಕ್ಕನ ಬಾಯಿಂದ ಅಭ್ಯಾಸಬಲದಿಂದ ಮೊದಲು ಬಂದದ್ದು ಕ್ಷಮೆಯ ವಾಕ್ಯ. ತಮ್ಮ ಅಮೂಲ್ಯ ಸಮಯ, ಅದು ಇದು. ಆಮೇಲೆ, ಹೊಸ ವ್ಯವಸ್ಥೆಯನ್ನು ದಯವಿಟ್ಟು ಮರುಪರಿಶೀಲಿಸಬೇಕೆಂದು ಪಾಠದಲ್ಲಿದ್ದ ಇನ್ನೊಂದು ವಾಕ್ಯ. ಎರಡೂ ಹಾಲಿನಂತೆ ಬಿಳುಪು. ಮ್ಯಾನೇಜರ್ ನಕ್ಕು, ಎದ್ದು ಬಂದು, ಹೆಗಲ ಮೇಲೆ ಕೈಯಿಟ್ಟು ಮತ್ತೆ ಹೊಳೆ ಹರಿಸಿದಳು. ಕಾನ್ಫಿಡೆನ್ಸ್ ಎಂಬ ಪದ ಮೇಲೆ ಬಂದು ಮುಳುಗಿತು. ಹೊಸ ಕೆಲಸಕ್ಕೆ ಹೆದರಿದ್ದಾಳೆಂದುಕೊಂಡು ಧೈರ್ಯ ತುಂಬುತ್ತಿದ್ದಳು!

ಆಗ ಅಕ್ಕನಿಗೆ ಹೊಳೆಯಿತು. ತಾನು ಸರಿಯಾಗಿ ಮಾತಾಡಿದಷ್ಟೂ ಇವಳು ವೇಗವಾಗಿ ಮಾತಾಡುತ್ತಾಳೆ. ಪ್ರತಿಯೊಂದು ಶುದ್ಧ ವಾಕ್ಯವೂ ತನ್ನ ಕೈಯಾರೆ ಇಡುತ್ತಿರುವ ಇಟ್ಟಿಗೆ. ಗೋಡೆ ಆಗಲೇ ಕತ್ತಿನವರೆಗೆ ಎದ್ದಿದೆ. ಆಚೆ ತಂಗಿ ಒಬ್ಬಳೇ ನಿಂತಿದ್ದಾಳೆ, ಬೆಂಕಿಯ ಬಾಯಿಗೆ ಕೈಯಿಟ್ಟುಕೊಂಡು.

"ನೋ!" ಎಂದು ಕಿರುಚಿದಳು. "ನೋ ಮೇಡಂ. ಸಿಸ್ಟರ್. ಸಿಸ್ಟರ್ ಫಾಲ್."

ಮ್ಯಾನೇಜರ್ ಮಾತು ನಿಲ್ಲಿಸಿದಳು.

"ಹ್ಯಾಂಡ್ ಇನ್‌ಸೈಡ್. ಸಿಸ್ಟರ್ ಫಾಲ್. ಮೀ ಇಂಗ್ಲಿಷ್ ನೋ. ಸ್ಲೋ, ಸ್ಲೋ!" ಪದಗಳು ಹರಿದ ಚಿಂದಿಯಂತೆ ಉದುರಿದವು. ಅವೂ ಸಾಲದಾದಾಗ ಅಕ್ಕ ಬಿಳಿ ಕೋಟಿನ ಸಮೇತ ನೆಲಕ್ಕೆ ಬಿದ್ದಳು. ಕಣ್ಣು ಮೇಲಕ್ಕೆ ಮಾಡಿ, ಹಲ್ಲು ಕಚ್ಚಿ, ಕೈಕಾಲು ಬಡಿದು ತೋರಿಸಿದಳು. ಎಷ್ಟು ವರ್ಷ ಅದನ್ನು ಹತ್ತಿರದಿಂದ ನೋಡಿದ್ದಳು! ಒಂದು ಸೆಳೆತವೂ ತಪ್ಪಲಿಲ್ಲ.

ಅವಳು ಎದ್ದು ಕೂರುವಷ್ಟರಲ್ಲಿ ಮ್ಯಾನೇಜರ್ ಬಾಗಿಲು ದಾಟಿ ಓಡುತ್ತಿದ್ದಳು.

ಇಸ್ತ್ರಿ ವಿಭಾಗದಲ್ಲಿ ಉರುಳೆ ಏದುಸಿರು ಬಿಟ್ಟು ನಿಂತಿತ್ತು. ಅರ್ಧ ನುಂಗಿದ ಚಾದರ ಅಲ್ಲೇ ಕಂದುಗಟ್ಟುತ್ತಿತ್ತು. ಮ್ಯಾನೇಜರ್ ಕೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು. ತಂಗಿಗೆ ಏನೂ ಆಗಿರಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು, ಬೆವರು ಸುರಿಸುತ್ತಾ, ಗಟ್ಟಿಯಾಗಿ ನಿಂತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಮ್ಯಾನೇಜರ್ ಅವಳ ಕಡೆ ಬೆರಳು ತೋರಿಸಿ, ಮಗುವಿಗೆ ಹೇಳುವಂತೆ ಬಿಡಿಬಿಡಿಯಾಗಿ ಕೇಳಿದಳು: "ಯು. ಫಾಲ್?"

"ಏನಂತೆ?" ಎಂದಳು ತಂಗಿ.

ಅಕ್ಕ ನೆಲ ನೋಡಿದಳು. "ನೀನು ಬೀಳ್ತೀಯಾ ಅಂತ."

ತಂಗಿ ಅಕ್ಕನ ಕಡೆ ತಿರುಗಿದಳು. "ನೀನು ಹೇಳಿಬಿಟ್ಯಾ? ಎಲ್ಲರ ಮುಂದೆ?" ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕಾ, ದಮ್ಮಯ್ಯ ಅಂತೀನಿ. ಇಲ್ಲ ಅನ್ನು. ಸುಮ್ನೆ ತಮಾಷೆಗೆ ಹೇಳ್ದೆ ಅನ್ನು."

"ಕೈ ಸುಟ್ಟು ಹೋಗುತ್ತೆ ಕಣೇ."

"ಕೆಲಸ ಹೋಗುತ್ತೆ! ನಿನಗೇನಮ್ಮ, ಬಿಳಿ ಕೋಟು ಬಂತು. ಇಲ್ಲ ಅನ್ನೇ!"

ಮ್ಯಾನೇಜರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸುತ್ತಾ ಕಾದಳು.

"ಫಾಲ್," ಎಂದಳು ಅಕ್ಕ. "ಮೆನಿ ಟೈಮ್. ಹಾಟ್ ಮಿಷನ್ ನೋ. ಪ್ಲೀಸ್ ನೋ."

ಒಂದಕ್ಷರ ಇಂಗ್ಲಿಷ್ ಬಾರದ ತಂಗಿಗೂ ಅದು ಅರ್ಥವಾಯಿತು. ಕೈಗವಸುಗಳನ್ನು ಒಂದೊಂದಾಗಿ ಕಳಚಿ ಬುಟ್ಟಿಯ ಅಂಚಿಗೆ ಹಾಕಿ, ಯಾರನ್ನೂ ನೋಡದೆ ಬಾಗಿಲ ಕಡೆ ನಡೆದಳು. ರೇಡಿಯೋ ಕೂಡ ದಾರಿ ಬಿಟ್ಟು ಸರಿದಳು, ಬಾಯಿ ಬಿಡದೆ.

ಮ್ಯಾನೇಜರ್ ಅಕ್ಕನ ತೋಳು ಹಿಡಿದು ನಿಧಾನವಾಗಿ ಹೇಳಿದಳು: "ಟುಮಾರೋ. ಯು. ಸಿಸ್ಟರ್. ಕಮ್. ಟಾಕ್." ಪ್ರತಿ ಪದವೂ ಅರ್ಥವಾಯಿತು. ಲೆಕ್ಕ ತೀರಿಸುವುದಕ್ಕೋ ಬೇರೆ ಕೆಲಸ ಕೊಡುವುದಕ್ಕೋ, ಅದು ಮಾತ್ರ ಆ ಪದಗಳಲ್ಲಿ ಇರಲಿಲ್ಲ. ಕೇಳಲು ಅಕ್ಕ ನಿಲ್ಲಲಿಲ್ಲ.

ಬಸ್ ನಿಲ್ದಾಣದ ಹತ್ತಿರ ತಂಗಿ ಸಿಕ್ಕಳು.

"ನಾಳೆ ಬರಬೇಕಂತೆ. ಇಬ್ಬರೂ. ಮಾತಾಡ್ಬೇಕಂತೆ."

"ನೀನೇ ಹೋಗು. ಮಾತಾಡೋಳು ನೀನು ತಾನೇ."

"ನೀನಿಲ್ದೆ ನಾನು ಏನು ಮಾತಾಡ್ಲಿ?"

ಅವರ ಬಸ್ಸು ಬಂತು. ಯಾರೂ ಕೈ ತೋರಿಸದ ಕಾರಣ ನಿಲ್ಲದೆ ಹೋಯಿತು.