ಅರ್ಧ ತಟ್ಟೆಗೆ ಎದ್ದವಳು

ನಮ್ಮ ರಾಮಾಂಜಿನಪ್ಪ ಮೇಷ್ಟ್ರಿಗೆ ಇಂಗ್ಲಿಷ್ ಎಷ್ಟು ಬರುತ್ತಿತ್ತು ಎಂಬುದು ಅವರಿಗೂ ದೇವರಿಗೂ ಮಾತ್ರ ಗೊತ್ತಿದ್ದ ವಿಷಯ. ನಮಗಂತೂ ಅವರೇ ಇಂಗ್ಲೆಂಡು. ಕೆಂಚಾರ್ಲಹಳ್ಳಿಯಿಂದ ನಮ್ಮ ಜಂಗಮಕೋಟೆಗೆ ವರ್ಗವಾಗಿ ಬಂದಾಗ ಒಂದು ಟ್ರಂಕು, ಒಂದು ಗ್ರಾಮರ್ ಪುಸ್ತಕ, ಒಂದು ಕೆಮ್ಮು ತಂದಿದ್ದರು. ಟ್ರಂಕಿನಲ್ಲಿ ಏನಿತ್ತೋ ಗೊತ್ತಿಲ್ಲ. ಉಳಿದೆರಡನ್ನು ನಮಗೆ ಧಾರಾಳವಾಗಿ ಹಂಚಿದರು.

ನಾನು ಹೇಳುತ್ತಿರುವುದು ಅರವತ್ತೊಂದನೇ ಇಸವಿಯ ಮಾತು. ನನಗೆ ಹನ್ನೆರಡು ವರ್ಷ, ಆರನೇ ಕ್ಲಾಸು. ನನ್ನ ಅಣ್ಣ ನಲ್ಲಪ್ಪನೂ ಆರನೇ ಕ್ಲಾಸೇ. ಅವನು ಹಿಂದಿನ ವರ್ಷ ಫೇಲಾಗಿ, ನನಗಾಗಿ ಕಾದುಕೊಂಡು ಕೂತಿದ್ದ.

ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಪಾಠಕ್ಕೆ ಮೇಷ್ಟ್ರಿಗೆ ಮೂರು ಮಂದಿ ಬೇಕಾಗುತ್ತಿತ್ತು. ಬೆಕ್ಕಾಗಲು ದಸ್ತಗಿರ್, ಇಲಿಯಾಗಲು ನಾನು, 'ಬೈ' ಎಂಬ ಪದವಾಗಲು ನಲ್ಲಪ್ಪ. ಮೊದಲು ಬೆಕ್ಕು ಮುಂದೆ, ಇಲಿ ಹಿಂದೆ. "ದಿ ಕ್ಯಾಟ್ ಕಿಲ್ಡ್ ದಿ ರ‍್ಯಾಟ್." ಮೇಷ್ಟ್ರು ಚಪ್ಪಾಳೆ ತಟ್ಟಿದರೆ ನಾವಿಬ್ಬರು ಜಾಗ ಬದಲಿಸಬೇಕು, ನಲ್ಲಪ್ಪ ನಡುವೆ ಬಂದು ಕಂಬದ ಹಾಗೆ ನಿಲ್ಲಬೇಕು. "ದಿ ರ‍್ಯಾಟ್ ವಾಸ್ ಕಿಲ್ಡ್ ಬೈ ದಿ ಕ್ಯಾಟ್." ಬೇರೆ ಯಾವ ಪದವೂ ನೆನಪಿರದ ನಲ್ಲಪ್ಪನಿಗೆ ಆ ವರ್ಷವೆಲ್ಲ ಅದೊಂದೇ ನೌಕರಿ.

"ಈಗ ನಾನೇ ಮುಂದೆ ಬಂದ್ನಲ್ಲ ಸಾರ್, ಇಲಿ ಬದುಕ್ತಾ?" ಎಂದು ಒಮ್ಮೆ ಕೇಳಿದ್ದೆ.

"ಇಲಿ ಎಲ್ ನಿಂತ್ರೂ ಸಾಯೋದೇ ಕಣಮ್ಮ," ಎಂದು ಮೇಷ್ಟ್ರು ಕೆಮ್ಮಿದರು.

ನಮ್ಮೂರ ಶಾಲೆಯಲ್ಲಿದ್ದದ್ದು ಆರರವರೆಗೆ. ಏಳಕ್ಕೆ ಶಿಡ್ಲಘಟ್ಟಕ್ಕೆ ಹೋಗಬೇಕು. ಗಂಡುಹುಡುಗರು ಹೇಗೋ ಹೋಗಿಬರುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವವರು ನಮ್ಮೂರಲ್ಲಿ ಹುಟ್ಟಿರಲಿಲ್ಲ, ಹುಟ್ಟುವ ಲಕ್ಷಣವೂ ಇರಲಿಲ್ಲ. ಏಳನೇ ಕ್ಲಾಸು ಊರಿಗೆ ಬಂದರೆ ನನ್ನ ಓದು ಉಂಟು, ಇಲ್ಲದಿದ್ದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಉಂಟು. ಸೊಪ್ಪು ಕೊಯ್ಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅದಕ್ಕೇ ನನಗೆ ಭಯ.

ಸ್ಕೂಲ್ ಇನ್ಸ್‌ಪೆಕ್ಟರ್ ಅಸದುಲ್ಲಾ ಸಾಹೇಬರು ಕಾಗದ ಬರೆದಿದ್ದರು. ಗುರುವಾರ ಬರುತ್ತೇನೆ, ಮಕ್ಕಳ ಇಂಗ್ಲಿಷ್ ಪರವಾಗಿಲ್ಲ ಅನ್ನಿಸಿ, ಮುಂದೆ ಓದುವವರು ಹತ್ತು ಮಂದಿ ಸಿಕ್ಕಿದರೆ ಏಳನೇ ಕ್ಲಾಸಿಗೆ ಶಿಫಾರಸು ಮಾಡುತ್ತೇನೆ ಎಂದು. ಮೇಷ್ಟ್ರು ಕಾಗದವನ್ನು ಕಣ್ಣಿಗೊತ್ತಿಕೊಂಡರು. ನಾವು ಹದಿನಾಲ್ಕು ಮಂದಿ. ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಹಂಚಿದರು. ಕೂತ ಸಾಲಿನ ಕ್ರಮದಲ್ಲೇ ಪ್ರಶ್ನೆ ಬರುವಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ, ನಮ್ಮ ನಮ್ಮ ವಾಕ್ಯ ತಿರುಗಿಸಿ ಒಪ್ಪಿಸುವುದು ನಮ್ಮ ಜವಾಬ್ದಾರಿ. ಪಕ್ಕದವರ ವಾಕ್ಯದ ಗೊಡವೆ ಯಾರಿಗೂ ಬೇಡ.

ನಾವು ಬಗೆದದ್ದು ಒಂದು, ಹುಳ ಬಗೆದದ್ದು ಇನ್ನೊಂದು. ಶುಕ್ರವಾರ ಹಣ್ಣಾಗಬೇಕಿದ್ದ ನಮ್ಮ ಮನೆಯ ರೇಷ್ಮೆ ಹುಳ ಗುರುವಾರ ಬೆಳಿಗ್ಗೆಯೇ ಸೊಪ್ಪು ಬಿಟ್ಟು ತಲೆಯೆತ್ತಿತು. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಕಕ್ಕಿ ಹಾಳಾಗುತ್ತದೆ. ಅಂಥ ದಿನ ಊರಿನವರೆಲ್ಲ ಮುಯ್ಯಾಳಾಗಿ ಬರುತ್ತಾರೆ. ಇವತ್ತು ನಿಮ್ಮನೆಗೆ ನಾವು, ನಾಳೆ ನಮ್ಮನೆಗೆ ನೀವು. ನನ್ನ ಅಜ್ಜಿ ಅಕ್ಕಯ್ಯಮ್ಮ ಬೆಳಿಗ್ಗೆ ಏಳಕ್ಕೇ ಬೀದಿಯಲ್ಲಿ ನಿಂತು ಕೂಗಿದಳು. ಎಂಟಕ್ಕೆ ಆರನೇ ಕ್ಲಾಸು ಪೂರ್ತಿ ನಮ್ಮ ಹುಳದ ಮನೆಯಲ್ಲಿತ್ತು.

ಮೇಷ್ಟ್ರು ಓಡಿಬಂದು ಬಾಗಿಲಲ್ಲಿ ಕೈಮುಗಿದರು. "ಅಕ್ಕಯ್ಯಮ್ಮನೋರೇ, ಇವತ್ತೊಂದಿನ ಮಕ್ಕಳ್ನ ಬಿಟ್ಕೊಡಿ. ಸಾಹೇಬ್ರು ಬರ್ತಾರೆ."

"ಹುಳಕ್ ಹೇಳು ಮೇಷ್ಟ್ರೇ, ಅದು ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ," ಎಂದಳು ಅಜ್ಜಿ.

ಹನ್ನೊಂದಕ್ಕೆ ಅಸದುಲ್ಲಾ ಸಾಹೇಬರು ಬಂದು ಖಾಲಿ ಶಾಲೆ ನೋಡಿದರು. ಮೇಷ್ಟ್ರು ಅವರನ್ನು ನಮ್ಮ ಮನೆಗೆ ಕರೆತಂದರು. ಸಾಹೇಬರು ಕೋಟು, ಟೋಪಿ, ಒಳ್ಳೆಯ ಅತ್ತರು ಎಲ್ಲ ಹಾಕಿಕೊಂಡಿದ್ದರು. ಆ ಅತ್ತರು ಅಜ್ಜಿಯ ಮೂಗಿಗೆ ಹಿತ್ತಿಲಿನಿಂದಲೇ ಬಡಿಯಿತು. ಹುಳಕ್ಕೆ ವಾಸನೆ ಆಗದು. ಅದು ಹಣ್ಣಾಗುವ ಹೊತ್ತಿಗೆ ನಾವು ಒಗ್ಗರಣೆಯನ್ನೇ ಹಾಕುತ್ತಿರಲಿಲ್ಲ.

"ಯಾರಯ್ಯಾ ನೀನು, ಮದುವೆ ಗಂಡಾ?" ಎಂದಳು.

"ಶಾಲೆ ನೋಡೋಕೆ ಬಂದಿದ್ದೀನಮ್ಮ," ಎಂದರು ಸಾಹೇಬರು.

"ನೋಡೋಕಾ?" ಅಜ್ಜಿಯ ಹುಬ್ಬು ಮೇಲೇರಿತು. ಹೊರಗಿನವರು ಹುಳದ ಮನೆಯಲ್ಲಿ ಸುಮ್ಮನೆ ನಿಂತು ನೋಡಿದರೆ ದೃಷ್ಟಿಯಾಗುತ್ತದೆ. ಸರ್ಕಾರ ಸಂಬಳ ಕೊಟ್ಟು ನೋಡಲೆಂದೇ ಕಳಿಸಿದ ಕಣ್ಣುಗಳೆಂದರೆ ಕೇಳಬೇಕೆ? "ನಮ್ಮಲ್ಲಿ ಬಂದೋರು ಕೈ ಹಚ್ಬೇಕು. ಇನ್ನೊಂದು ಮಾತು, ತಟ್ಟೆ ಹಿಡಿದು ಕುಂತೋರು ಅದು ಮುಗಿಯೋಗಂಟ ಏಳಂಗಿಲ್ಲ. ಅರ್ಧ ತಟ್ಟೆಗೆ ಎದ್ರೆ ಅರ್ಧ ಬೆಳೆ ಎದ್ದೋಗ್ತದೆ."

ಮೇಷ್ಟ್ರ ಮುಖ ನೋಡುವಂತಿರಲಿಲ್ಲ. ಸಾಹೇಬರು ಮಾತ್ರ ಒಂದು ಕ್ಷಣ ಯೋಚಿಸಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಅಜ್ಜಿ ಎರಡು ಕೊಡ ನೀರು ಕೊಟ್ಟು ಅವರ ಕೈಕಾಲು, ಕತ್ತು, ಕಿವಿಯ ಹಿಂಭಾಗವನ್ನೂ ತೊಳೆಸಿದಳು. "ಕೂಚೋ ನಾಯನಾ," ಎಂದು ತೆಲುಗಿನಲ್ಲಿ ಕೂರಲು ಹೇಳಿ ಚಾಪೆ ತೋರಿಸಿ, ತಟ್ಟೆಯೊಂದನ್ನು ಅವರ ಮುಂದಿಟ್ಟಳು.

ಸಾಹೇಬರು ಹುಳವೊಂದನ್ನು ಹೆದರುತ್ತ ಎತ್ತಿದರು. "ನಮ್ಮದು ಶಿಡ್ಲಘಟ್ಟದಲ್ಲಿ ನೂಲು ತೆಗೆಯೋ ಮನೆ. ಹುಟ್ಟಿದಾಗಿನಿಂದ ಗೂಡು ನೋಡಿದ್ದೀನಿ. ಹುಳ ಮುಟ್ತಿರೋದು ಇದೇ ಮೊದಲು."

"ನೀವು ಕುದಿಸೋರು, ನಾವು ಸಾಕೋರು," ಎಂದಳು ಅಜ್ಜಿ. "ಹಳದಿಗೆ ತಿರುಗಿರೋದ್ನ ಮಾತ್ರ ಎತ್ತು."

ಕೈ ಆಡಿಸುತ್ತಲೇ ಸಾಹೇಬರು ಪರೀಕ್ಷೆ ಶುರುಮಾಡಿದರು. ಅಲ್ಲೇ ನಮ್ಮ ಗ್ರಹಚಾರ ಕೆಟ್ಟಿತು. ಶಾಲೆಯ ಸಾಲು ಇಲ್ಲಿರಲಿಲ್ಲ. ಸಣ್ಣ ಕೈಯವರು ಒಳಗೆ, ದೊಡ್ಡವರು ಬಾಗಿಲ ಕಡೆಗೆ ಎಂದು ಅಜ್ಜಿ ತನಗೆ ಬೇಕಾದಂತೆ ಕೂರಿಸಿದ್ದಳು. ಸಾಹೇಬರು ದಸ್ತಗಿರ್‌ನ ಕಡೆ ತಿರುಗಿ, "ದಿ ಕ್ಯಾಟ್ ಕಿಲ್ಡ್ ದಿ ರ‍್ಯಾಟ್, ಇದನ್ನ ಪ್ಯಾಸಿವ್ ಮಾಡಪ್ಪ," ಎಂದರು.

ದಸ್ತಗಿರ್‌ಗೆ ಹಂಚಿದ್ದು ಸೀತೆಯ ವಾಕ್ಯ. ಅವನು ಕಣ್ಣುಮುಚ್ಚಿ, "ಎ ಸಾಂಗ್ ವಾಸ್ ಸಂಗ್ ಬೈ ಸೀತಾ," ಎಂದು ಗಟ್ಟಿಯಾಗಿ ಒಪ್ಪಿಸಿದ. ಮುಂದಿನವನು ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲದೆ ತನ್ನ ವಾಕ್ಯದ ಮಾವಿನಹಣ್ಣು ತಿನ್ನಿಸಿದ. ನಲ್ಲಪ್ಪನನ್ನು ಕೇಳಿದಾಗ ಅವನು ಎದ್ದು ನಿಲ್ಲಲು ಹೋಗಿ, ಅಜ್ಜಿಯ ಕಣ್ಣಿಗೆ ಹೆದರಿ, ಕೂತಲ್ಲೇ "ಬೈ" ಎಂದ. ಮೇಷ್ಟ್ರು ತಲೆ ತಗ್ಗಿಸಿ ಹುಳ ಆರಿಸತೊಡಗಿದರು.

ನನ್ನ ಏಳನೇ ಕ್ಲಾಸು ಕಣ್ಣೆದುರಿಗೇ ಕೊಚ್ಚಿಹೋಗುತ್ತಿತ್ತು. ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. "ಸಾರ್, ಪುಸ್ತಕದ್ದು ಬೇಡ, ಇಲ್ಲಿದ್ದೇ ಹೇಳ್ತೀನಿ," ಎಂದು ಬಾಯಿಹಾಕಿದೆ. "ದಿ ವರ್ಮ್ ಈಟ್ಸ್ ದಿ ಲೀಫ್. ದಿ ಲೀಫ್ ಈಸ್ ಈಟನ್ ಬೈ ದಿ ವರ್ಮ್."

ಸಾಹೇಬರ ಕೈ ನಿಂತಿತು. "ಇನ್ನೊಂದು ಹೇಳಮ್ಮ."

"ಗ್ರ್ಯಾಂಡ್‌ಮದರ್ ಸ್ಕೋಲ್ಡ್ಸ್ ಟೀಚರ್. ಟೀಚರ್ ಈಸ್ ಸ್ಕೋಲ್ಡೆಡ್ ಬೈ ಗ್ರ್ಯಾಂಡ್‌ಮದರ್."

ಸಾಹೇಬರು ನಕ್ಕುಬಿಟ್ಟರು. ಅದನ್ನು ಕೇಳಿ ದಸ್ತಗಿರ್‌ಗೂ ಧೈರ್ಯ ಬಂದು, ಇನ್ಸ್‌ಪೆಕ್ಟರ್ ಹುಳ ಎತ್ತುತ್ತಾರೆ, ಹುಳ ಇನ್ಸ್‌ಪೆಕ್ಟರಿಂದ ಎತ್ತಲ್ಪಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಒಬ್ಬರಾದ ಮೇಲೊಬ್ಬರು ಚಂದ್ರಿಕೆ, ಸೊಪ್ಪು, ಕೊಡ, ಕೋಟು ಎಲ್ಲವನ್ನೂ ತಿರುಗಿಸಿ ಹಾಕಿದರು. ಅರ್ಧಕ್ಕರ್ಧ ತಪ್ಪು. ಆದರೆ ತಪ್ಪು ನಮ್ಮ ಸ್ವಂತದ್ದು, ಹಂಚಿದ್ದಲ್ಲ. ಮೇಷ್ಟ್ರು ಬೆಳಗಿನಿಂದ ಮೊದಲ ಸಲ ತಲೆಯೆತ್ತಿದರು.

"ಪಾಠ ಪರವಾಗಿಲ್ಲ ರಾಮಾಂಜಿನಪ್ಪ," ಎಂದರು ಸಾಹೇಬರು. ತಮ್ಮ ತಟ್ಟೆ ಮುಗಿಸಿ, ಕೈ ತೊಳೆದು, ಕಾಗದ ಪೆನ್ನು ತೆಗೆದರು. "ಮುಂದೆ ಓದೋರ ಹೆಸರು ಹೇಳಿ. ಹತ್ತು ಬೇಕು."

ಗಂಡುಹುಡುಗರು ಒಂಬತ್ತು ಮಂದಿ. ಒಂಬತ್ತೂ ಹೆಸರು ಬಿದ್ದವು. ಮೊದಲನೆಯದೇ ನಲ್ಲಪ್ಪನದು, ಹೇಳಿದವಳು ಅಜ್ಜಿ. ಮೊಮ್ಮಗ ಊರಲ್ಲೇ ಓದಿದರೆ ಬೆಳಿಗ್ಗೆ ಸಂಜೆ ಸೊಪ್ಪು ಹಾಕಲು ಸಿಗುತ್ತಾನೆ ಎಂಬುದು ಅವಳ ಲೆಕ್ಕ. ಹೆಣ್ಣುಮಕ್ಕಳು ಐದು ಮಂದಿ ಹುಳದ ಮೇಲೆ ಬಗ್ಗಿದೆವು. ನಮ್ಮ ನಮ್ಮ ತಾಯಂದಿರೂ ಬಗ್ಗಿದರು.

"ಒಂದು ಕಮ್ಮಿ," ಎಂದರು ಸಾಹೇಬರು.

"ಅಷ್ಟೇನಾ?" ಎಂದಳು ಅಜ್ಜಿ, ನನ್ನ ಕಡೆ ಕೈ ತೋರಿಸಿ. "ನಮ್ಮ ಆದಿಲಕ್ಷ್ಮಿದು ಬರ್ಕೊಳ್ಳಯ್ಯ. ಲೆಕ್ಕಕ್ಕೆ ಹತ್ತಾಯ್ತದೆ. ಆಮೇಲೆ ಹೋಗೋದು ಬಿಡೋದು ಯಾರು ಕೇಳ್ತಾರೆ? ಹುಡುಗಿ ಕೈ ಚುರುಕು, ಅವಳಿಲ್ದಿದ್ರೆ ನನ್ನ ಹುಳಕ್ಕೆ ಯಾರು ದಿಕ್ಕು."

ಇಂಗ್ಲಿಷ್ ಹೇಳಿ ಕ್ಲಾಸು ಉಳಿಸಿದವಳು ನಾನು. ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂದಾದವಳೂ ನಾನೇ. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧದಷ್ಟು ಹುಳ ಉಳಿದಿತ್ತು. ನಾನು ಎದ್ದು ನಿಂತೆ.

ಹೆಂಗಸರು "ಅಯ್ಯಯ್ಯೋ" ಎಂದರು. ಅಮ್ಮ ನನ್ನ ಲಂಗ ಹಿಡಿದು ಜಗ್ಗಿದಳು.

"ಸುಳ್ಳು ಹೆಸರು ಬರೀಬೇಡಿ ಸಾರ್," ಎಂದೆ. "ನನ್ನ ಕಳಿಸೋದಾದ್ರೆ ಬರೀರಿ. ಕಳಿಸದಿದ್ರೆ ಒಂಬತ್ತೇ ಇರ್ಲಿ. ಏಳನೇ ಕ್ಲಾಸು ಬರದಿದ್ರೆ ಬೇಡ."

ನಲ್ಲಪ್ಪ ನನ್ನನ್ನು ತಿಂದುಹಾಕುವಂತೆ ನೋಡಿದ. ಸಾಹೇಬರು ಪೆನ್ನಿನ ಟೋಪಿ ಹಾಕಿ ಅಜ್ಜಿಯ ಕಡೆ ತಿರುಗಿದರು. "ಹುಡುಗಿ ಬರ್ತಾಳೆ ಅಂದ್ರೆ ಮಾತ್ರ ನಾನು ಬರೆಯೋದಮ್ಮ."

ನನ್ನ ತಟ್ಟೆಯ ಹುಳಗಳು ಅಂಚಿಗೆ ಹರಿದುಬಂದು ನೂಲಿಗೆ ಜಾಗ ಹುಡುಕುತ್ತಿದ್ದವು. ಅಜ್ಜಿ ಅವನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಜನ್ಮ ಜಾಲಾಡುವ ಎರಡು ಬೈಗುಳ ಬೈದಳು. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ.

"ಕಳಿಸ್ತೀನಿ, ಬರ್ಕೊ," ಎಂದಳು. "ಹತ್ತು ಮಂದಿ ಮುಂದೆ ಹೇಳಿದೀನಿ, ಮಾತು ತಪ್ಪೋ ಮುದುಕಿ ಅಲ್ಲ. ಕುಂತ್ಕೊಳ್ಳೇ ಮೂದೇವಿ."

ನಾನು ಕೂತೆ. ಸಾಹೇಬರು ನನ್ನ ಹೆಸರು ಬರೆದರು.

ಜೂನ್‌ನಲ್ಲಿ ಏಳನೇ ಕ್ಲಾಸು ಶುರುವಾಯಿತು. ಅಜ್ಜಿ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಾನು ಶಾಲೆಗೆ ಹೊರಟಾಗ ಜಗಲಿಯಲ್ಲಿ ಕರೆದು, ತಲೆ ಬಾಚುವ ನೆಪದಲ್ಲಿ ಕೂರಿಸಿಕೊಂಡಳು.

"ನಾನೂ ಒಂದ್ಸಲ ಅರ್ಧ ತಟ್ಟೆಗೆ ಎದ್ದಿದ್ದೆ ಕಣೇ," ಎಂದಳು. "ಮದುವೆ ಬೇಡ ಅಂತ. ನಿನ್ನಷ್ಟೇ ವಯಸ್ಸು."

"ಆಮೇಲೆ?"

"ಆಮೇಲೇನು, ನಮ್ಮಪ್ಪ ಹೊಡೆದು ಕೂರಿಸ್ದ." ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟಿದಳು. "ಬೆಳೆ ಏನೂ ಹಾಳಾಗ್ಲಿಲ್ಲ. ಆ ವರ್ಷ ಗೂಡು ಚೆನ್ನಾಗೇ ಆಯ್ತು. ಹೋಗು, ಹೊತ್ತಾಯ್ತು."