ಬಂಗಾರಿಯ ಪಾಲಿನ ಸೊಲ್ಲು

ಮದುವೆಯ ಅಕ್ಕಿ ಕುಟ್ಟಲು ಶುರು ಮಾಡಿದರೆ ಹಾಡು ಮುಗಿಯುವವರೆಗೆ ಒನಕೆ ಕೆಳಗಿಡಬಾರದು. ನಮ್ಮ ಕೊಪ್ಪದಲ್ಲಿ, ಈ ಸಣ್ಣ ಕೇರಿಯಲ್ಲಿ, ಇದು ಹಿಂದಿನಿಂದ ನಡೆದು ಬಂದದ್ದು. ಹಾಡಿಗೆ ಎರಡು ಪಾಲು. ಒಬ್ಬಳು ಕೇಳಬೇಕು, ಇನ್ನೊಬ್ಬಳು ಹೇಳಬೇಕು. ಗದ್ದೆ ಬಿತ್ತಿದವಳು ಯಾರು, ಕೊಯ್ದವಳು ಯಾರು, ಹೊತ್ತು ತಂದವಳು ಯಾರು ಎಂದು ಕೇಳುತ್ತ ಹೋದರೆ, ಮದುಮಗಳ ಮನೆಯ ಹಿರಿಯಳು ಸೊಸೆಯಿಂದ ಸೊಸೆಗೆ ಹೆಸರು ಹೇಳುತ್ತ ಬಂದು ಮದುಮಗಳ ಹೆಸರಿನಲ್ಲಿ ನಿಲ್ಲಿಸಬೇಕು.

ಉಮಾಳ ಮದುವೆಗೆ ಕೇಳುವವಳು ನಾನು. ಹೇಳಬೇಕಾದವಳು ಅವಳ ಅಜ್ಜಿ ಬಂಗಾರಿ. ಬಂಗಾರಿ ನನ್ನ ಓರಗೆಯವಳು. ನಾವಿಬ್ಬರೂ ಎದುರುಬದುರು ನಿಂತು ಕುಟ್ಟದ ಮದುವೆ ಈ ಕೊಪ್ಪದಲ್ಲಿ ಕಡಿಮೆ. ಆದರೆ ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವಳು ಭಟ್ಕಳದಲ್ಲಿ ಮಗಳು ಹೇಮಾಳ ಮನೆಯಲ್ಲಿ ಮಲಗಿಬಿಟ್ಟಿದ್ದಳು. "ನಾ ಬರೂಕಾಗುದಿಲ್ಲ, ನನ್ನ ಸೊಲ್ಲಾದ್ರೂ ಬರ್ಲಿ" ಎಂದು ಹೇಳಿ ಕಳಿಸಿದ್ದಳು.

ಅದನ್ನು ತರಿಸುವ ಕೆಲಸ ನನ್ನ ಮೊಮ್ಮಗಳು ದೀಕ್ಷಾ ಹಿಡಿದಳು. ಅವಳು ಹೊನ್ನಾವರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ನಮ್ಮ ಕೊಪ್ಪ ತಗ್ಗಿನಲ್ಲಿರುವುದರಿಂದ ಸಿಗ್ನಲ್ ಸಿಗುವುದು ಉಮಾಳ ಮನೆ ಹಿಂದಿನ ದಿಬ್ಬದ ಹಲಸಿನ ಮರದ ಹತ್ತಿರ ಮಾತ್ರ. ಅವಳು ತನ್ನ ಫೋನನ್ನು ಒಂದು ಚೀಲದಲ್ಲಿ ಹಾಕಿ ಆ ಮರದ ಕೊಂಬೆಗೆ ಕಟ್ಟಿ, ಅಲ್ಲಿಂದ ನೆಟ್ಟನ್ನು ಅಂಗಳದ ಲ್ಯಾಪ್‌ಟಾಪಿಗೆ ಇಳಿಸಿದಳು. ಮನೆಯ ಇನ್ನೊಂದು ದೊಡ್ಡ ಫೋನು ಉಮಾಳ ಅಣ್ಣ ಹರೀಶನ ಕಿಸೆಯಲ್ಲಿ ಕುಮಟಾ ಪೇಟೆಗೆ ಹೋಗಿತ್ತು.

ಪರದೆಯಲ್ಲಿ ಬಂಗಾರಿಯ ಮುಖ ಬಂತು. ಬಂದ ಕೂಡಲೇ ಶುರು ಮಾಡಿದಳು.

"ಸಣ್ಣೀ, ಕೈ ಎಂತಕ್ಕೆ ಅಷ್ಟು ನಿಧಾನ? ಅಕ್ಕಿ ಕುಟ್ತ್ಯೋ, ತೊಟ್ಲು ತೂಗ್ತ್ಯೋ?"

"ಮಲ್ಕಂಡವ್ರಿಗೆ ಮಾತು ಜಾಸ್ತಿ" ಎಂದೆ ನಾನು.

ನಾನು, ನನ್ನ ಅಕ್ಕ ಸುಬ್ಬಕ್ಕ, ಉಮಾಳ ತಾಯಿ, ಮೂರು ಜನ ಒರಳಿನ ಸುತ್ತ. ಉಮಾ ಮೊರ ಹಿಡಿದು ಕೂತಿದ್ದಳು. ಈ ಹಾಡು ಮುಗಿಯುವವರೆಗೆ ಮದುಮಗಳು ಬಾಯಿ ಬಿಡುವ ಹಾಗಿಲ್ಲ. ಬಿತ್ತಿದವಳು ಯಾರು ಎಂದು ಕೇಳಿದೆ. ಭಟ್ಕಳದಿಂದ ಸ್ವಲ್ಪ ತಡವಾಗಿ ಹೊನ್ನಿಯ ಹೆಸರು ಬಂತು. ಆ ತಡಕ್ಕೆ ನಮ್ಮ ಒನಕೆಯೂ ಹೊಂದಿಕೊಂಡಿತು.

"ಹೊನ್ನಿ ಬಿತ್ತಿದ ಗದ್ದಿ ಕೊಯ್ದವಳ್ಯಾರೇ?"

ಆಗಲೇ ಉಮಾಳ ತಾಯಿ ಇನ್ನೊಂದು ಬುಟ್ಟಿ ಸುರಿದಳು. ತೌಡಿನ ಧೂಳು ಎದ್ದಿತು. ಧೂಳೆದ್ದರೆ ಬಾಯಿ ತೆರೆದದ್ದನ್ನೆಲ್ಲ ಮುಚ್ಚುವುದು ಕುಟ್ಟುವ ಹೆಂಗಸರ ಕೈಗೆ ಬಂದ ಅಭ್ಯಾಸ. ಸುಬ್ಬಕ್ಕ ಒಂದು ಕೈಯಲ್ಲಿ ಒನಕೆ ಹಿಡಿದುಕೊಂಡೇ ನೀರಿನ ಕೊಡಕ್ಕೆ ತಟ್ಟೆ ಮುಚ್ಚಿದಳು, ಬೆಲ್ಲದ ಡಬ್ಬಿ ಮುಚ್ಚಿದಳು, ಲ್ಯಾಪ್‌ಟಾಪನ್ನೂ ಮುಚ್ಚಿದಳು.

ಚಾ ತರಲು ಹೋಗಿದ್ದ ದೀಕ್ಷಾ ಬಾಗಿಲಲ್ಲೇ ನಿಂತಳು. "ಯಾರು ಮುಚ್ಚಿದ್ದು?"

"ನಾನೇ. ಬಂಗಾರಿ ಮೂಗಿನ ಮೇಲೆಲ್ಲ ತೌಡು ಕೂತಿತ್ತು" ಎಂದಳು ಸುಬ್ಬಕ್ಕ.

ದೀಕ್ಷಾ ಓಡಿ ಬಂದು ತೆರೆದಳು. ಬಂಗಾರಿಯ ಮುಖ ಬಾಯಿ ತೆರೆದಂತೆಯೇ ಇತ್ತು, ಅಲುಗಲಿಲ್ಲ. ಆಮೇಲೆ ಅದೂ ಹೋಯಿತು.

"ಮುಚ್ಚಿದ್ರೆ ಇದು ಮಲಗ್ತದೆ ದೊಡ್ಡಜ್ಜಿ. ಎದ್ದ ಮೇಲೆ ವೈಫೈ ಹಿಡಿಯುದಿಲ್ಲ. ಅದನ್ನ ನಡಸೂ ಡ್ರೈವರ್ ಹೇಳಿ ಒಂದು ಪ್ರೋಗ್ರಾಮು ಅದೆ ಒಳಗೆ. ಲ್ಯಾಪ್‌ಟಾಪ್ ಎದ್ರೂ ಅದು ಏಳುದಿಲ್ಲ."

"ಎಬ್ಸು ಹಾಂಗಾರೆ" ಎಂದಳು ಸುಬ್ಬಕ್ಕ.

ದೀಕ್ಷಾ ಎಬ್ಬಿಸತೊಡಗಿದಳು. ಒತ್ತಿದಳು, ಬಿಟ್ಟಳು, ಆರಿಸಿದಳು, ಮತ್ತೆ ಹೊತ್ತಿಸಿದಳು. ನಾನು ಕೇಳಿದ್ದನ್ನೇ ಮತ್ತೆ ಕೇಳಿದೆ. ಕೊಯ್ದವಳ್ಯಾರೇ? ಅಂಗಳದಲ್ಲಿ ಒನಕೆಯ ಸದ್ದು ಬಿಟ್ಟರೆ ಬೇರೆ ಇಲ್ಲ. ಒನಕೆ ಇಡುವಂತಿಲ್ಲ, ಇಷ್ಟು ಹೊತ್ತು ಜೋರಾಗಿ ಹಾಕಿದರೆ ಅಕ್ಕಿ ನುಚ್ಚಾಗುತ್ತದೆ. ನಾವು ಮೂವರೂ ನೆಪಕ್ಕೆ ಎತ್ತಿ ನೆಪಕ್ಕೆ ಇಳಿಸುತ್ತಿದ್ದೆವು. ಹಾಗೆ ಕುಟ್ಟಿದರೆ ತೋಳು ಬೇಗ ಸೋಲುತ್ತದೆ.

"ಆತಾ?" ಎಂದಳು ಉಮಾಳ ತಾಯಿ.

"ರೀಸ್ಟಾರ್ಟ್ ಕೊಟ್ಟೆ. ಈಗ ಬತ್ತದೆ."

ಬಂದದ್ದು ಬೇರೆಯೇ. ನೀಲಿ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು. ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬಾರದು ಎಂದು ಬರೆದಿದೆಯಂತೆ. ದೀಕ್ಷಾ ಕೂತಳು, ಎದ್ದಳು, ಉಗುರು ಕಚ್ಚಿದಳು. ಸುಬ್ಬಕ್ಕ ಬಗ್ಗಿ ಆ ಚುಕ್ಕಿಗಳನ್ನು ನೋಡಿ, "ಗಾಣದ ಎತ್ತಿನ ಹಾಂಗೆ ಅಲ್ಲೇ ತಿರುಗ್ತದಲ್ಲೆ" ಎಂದಳು. ಬೇಲಿಯ ನೆರಳು ಅಂಗಳದಿಂದ ಸರಿದು ಬಿಸಿಲು ನಮ್ಮ ಬೆನ್ನಿಗೆ ಬಂತು.

"ಅಜ್ಜಿ, ನೀನೇ ಹೇಳ್ಬಿಡು. ನಿಂಗೆ ಎಲ್ಲ ಹೆಸರೂ ಗೊತ್ತದೆಯಲ್ಲ" ಎಂದಳು ದೀಕ್ಷಾ.

ಗೊತ್ತಿತ್ತು. ಕೊಯ್ದವಳು ಹೊನ್ನಿಯ ಸೊಸೆ, ಬಂಗಾರಿಯ ಅತ್ತೆ ಬೊಮ್ಮಿ. ನನಗೆ ಒನಕೆ ಹಿಡಿಯಲು ಕಲಿಸಿದವಳೇ ಅವಳು. ಹೆಸರು ನಾಲಿಗೆಯ ತುದಿಯಲ್ಲಿ ತುರಿಸುತ್ತಿತ್ತು.

"ಕೇಳಿದವಳೇ ಹೇಳಿದ್ರೆ ಅದೆಂತ ಹಾಡೇ? ಆ ಮನೆಯವ್ರು ಯಾರೂ ಇಲ್ಲ ಹೇಳಿ ಆತದೆ. ಬೊಮ್ಮಿ ಆದ್ಮೇಲೆ ಬಂಗಾರಿದೇ ಹೆಸರು. ಅವಳು ಜೀವ ಇದ್ದೂ ಅವಳ ಹೆಸರು ನಾ ಹೇಳೂದಾ?"

ಉಮಾ ಮೊರದ ಅಂಚನ್ನು ಕೀಳುತ್ತಿದ್ದಳು. ಬಾಯಿ ತೆರೆಯಲು ಹೊರಟಳು. ತಾಯಿ ಕಣ್ಣು ಬಿಟ್ಟಳು.

ದೀಕ್ಷಾ ಒಮ್ಮೆ ಪರದೆ ನೋಡಿದಳು, ಒಮ್ಮೆ ನಮ್ಮ ತೋಳುಗಳನ್ನು ನೋಡಿದಳು. ಆಮೇಲೆ ದಿಬ್ಬ ಹತ್ತಿದಳು. ಹಲಸಿನ ಮರದ ಕೆಳಗೆ ನಿಂತು ಚೀಲದಿಂದ ಫೋನು ತೆಗೆದು ಹೇಮಾಳಿಗೆ ಹಚ್ಚಿದ್ದು ಇಲ್ಲಿಗೆ ಕಾಣುತ್ತಿತ್ತು. ತಲೆ ಆಡಿಸಿದಳು. ಮತ್ತೆ ತಲೆ ಆಡಿಸಿದಳು. ಆಮೇಲೆ ಅಲ್ಲಿಂದ ಕೂಗಿದಳು.

"ಹೊನ್ನಿಯ ಸೊಸಿ ಬೊಮ್ಮಿ ಕೊಯ್ದಳು."

"ಅದೆಂತ, ಹಾಜರಿ ಕರೀತ್ಯಾ?" ಎಂದು ಸುಬ್ಬಕ್ಕ ಕೆಳಗಿನಿಂದ ಕೂಗಿದಳು.

"ಬಂಗಾರಜ್ಜಿನೂ ಬೈತಾ ಅವಳೆ. ರಾಗ ಹಾಕದಿದ್ರೆ ಮುಂದಿಂದು ಹೇಳುದಿಲ್ಲಂತೆ."

ಜನ್ಮದಲ್ಲಿ ಒಂದು ಸೊಲ್ಲು ಹಾಡದ ಹುಡುಗಿ. ಫೋನು ಕಿವಿಗಿಟ್ಟುಕೊಂಡು ಅಲ್ಲಿಂದ ಬಂದದ್ದನ್ನು ಗುನುಗಿದಳು, ತಪ್ಪಿದಳು, ಬೈಸಿಕೊಂಡಳು, ಮತ್ತೆ ಎತ್ತಿದಳು. ಗಂಟಲು ಒಡೆದು ಹೋಗಿತ್ತು. ಆದರೂ ಕೊನೆಯ ಎಳೆ ಬಂಗಾರಿ ಎಳೆಯುವ ಹಾಗೆಯೇ ಎಳೆದಳು.

ನಾನು ದಿಬ್ಬದ ಕಡೆ ಮುಖ ಮಾಡಿ ಗಂಟಲು ತೆರೆದು ಮುಂದಿನದನ್ನು ಕೇಳಿದೆ.

"ಬೊಮ್ಮಿ ಕೊಯ್ದ ಭತ್ತ ಹೊತ್ತವಳ್ಯಾರೇ?"

ದೀಕ್ಷಾ ಅದನ್ನು ಫೋನಿಗೆ ಹೇಳಿದಳು. ಆ ಕಡೆಯ ಮಾತು ಕೇಳಿಸಿಕೊಂಡಳು.

"ಅಜ್ಜಿ, ಅವಳಿಗೆ ಒನಕಿ ಸದ್ದು ಕೇಳ್ತಿಲ್ಲಂತೆ. ಕುಟ್ಟುದು ಬಿಟ್ರಾ ಹೇಳಿ ಕೇಳ್ತಾ ಅವಳೆ. ಬಿಟ್ರೆ ತನ್ನ ಹೆಸರು ಹೇಳುದಿಲ್ಲಂತೆ."

ಅವಳು ಫೋನನ್ನು ಕೈ ಉದ್ದ ಮಾಡಿ ನಮ್ಮ ಕಡೆಗೆ ಹಿಡಿದಳು.

ಉಮಾಳ ತಾಯಿ ಒರಳಿನೊಳಗೆ ನೋಡಿ, ನನ್ನ ಕಡೆ ತಿರುಗಿ, "ಅತ್ತೆ, ಈಗ್ಲೇ ಅರ್ಧ ನುಚ್ಚಾಗದೆ" ಎಂದಳು.

"ಹಿಟ್ಟಾಗ್ಲಿ" ಎಂದೆ. ಒನಕೆಯನ್ನು ತಲೆಗಿಂತ ಮೇಲೆ ಎತ್ತಿದೆ. ಸುಬ್ಬಕ್ಕನೂ ಎತ್ತಿದಳು.