ಸೀಟಲ್ಲಿಲ್ಲದವಳು

ಆಸ್ಪತ್ರೆಯ ವಿಚಾರಣೆ ಕೌಂಟರಿಗೆ ನಮ್ಮ ಕಂಪನಿ ಮಾಡಿಕೊಟ್ಟ ಸಾಫ್ಟ್‌ವೇರಿಗೆ ಒಂದು ದರಿದ್ರ ಬುದ್ಧಿ. ಮೌಸು ಸ್ವಲ್ಪ ಹೊತ್ತು ಅಲ್ಲಾಡದಿದ್ದರೆ ಅಲ್ಲಿ ಕೂತವರ ಹೆಸರು ಕೆಂಪಾಗುತ್ತಿತ್ತು, ಸೋಮಾರಿಗಳ ಲೆಕ್ಕಕ್ಕೆ ಸೇರುತ್ತಿತ್ತು. ಆ ಕೌಂಟರಿನಲ್ಲಿ ನನ್ನ ಅಕ್ಕ ಇದ್ದಳು. ದಾರಿ ತಿಳಿಯದ ಮುದುಕರನ್ನು ಎಕ್ಸ್‌ರೇ ಕೋಣೆಯವರೆಗೆ ಕೈಹಿಡಿದು ಬಿಟ್ಟುಬರುವುದು ಅವಳ ಚಾಳಿ. ವಾಪಸು ಬರುವಷ್ಟರಲ್ಲಿ ಹೆಸರು ಕೆಂಪು. ಹೀಗೇ ಆದರೆ ಕೆಲಸ ಹೋಗುತ್ತದೆಂದು ಮ್ಯಾನೇಜರು ಗದರಿಸಿದ್ದ.

“ಪಕ್ಕದ ಸೀಟಿನವಳು ಮೌಸಿಗೆ ದಾರ ಕಟ್ಟಿ ಅತ್ತಿತ್ತ ತಿರುಗೋ ಟೇಬಲ್ ಫ್ಯಾನಿಗೆ ಬಿಗಿದಿದ್ದಾಳೆ ಕಣೋ. ಅವಳು ಹರಟೆ ಹೊಡೀತಾಳೆ, ಫ್ಯಾನು ದುಡಿಯುತ್ತೆ,” ಎಂದಳು ಅಕ್ಕ.

“ನೀನೂ ಬಿಗಿ.”

“ಥೂ, ಹೋಗೋ. ಆ ಕಂಪನೀಲಿ ನೀನ್ಯಾಕಿದ್ದೀಯ ಮತ್ತೆ? ಸರಿ ಮಾಡು.”

ಮೀಟಿಂಗಿನಲ್ಲಿ ಹೇಳಿದೆ. ನಮ್ಮ ಟೀಮ್ ಲೀಡಿಗೆ ಹುಡುಗರಿಟ್ಟ ಹೆಸರು ‘ಆಯ್ತಪ್ಪ’. ಎಲ್ಲದಕ್ಕೂ ಹಾಗನ್ನುತ್ತಾನೆ, ಯಾವುದೂ ಆಗುವುದಿಲ್ಲ.

“ಆಯ್ತಪ್ಪ, ಯೂಸರ್‌ಗಳು ಗೊಣಗೋದು ಇದ್ದಿದ್ದೇ. ಅಂದಹಾಗೆ, ನೀನು ಓದಿದ್ದು ಯಾವ ಕಾಲೇಜಪ್ಪ?”

ನಾನು ಹತ್ತನೇ ಕ್ಲಾಸಿಗೇ ಬಿಟ್ಟವನೆಂದು ಅವನಿಗೆ ಚೆನ್ನಾಗಿ ಗೊತ್ತು. ಉಳಿದವರು ಕಿಸಕ್ಕೆಂದರು. ಆದರೂ ನಾನು ಅವನ ಬೆನ್ನು ಬಿಡಲಿಲ್ಲ. ಪೀಡೆ ತೊಲಗಲೆಂದು ಒಪ್ಪಿದ.

‘ರೋಗಿಯ ಜೊತೆ ಹೋಗಿದ್ದೇನೆ’ ಎಂಬ ಬಟನ್ ಮಾಡಿದೆ. ಅದನ್ನು ಒತ್ತಿ ಎದ್ದರೆ ಹೆಸರು ಕೆಂಪಾಗುವುದಿಲ್ಲ. ತಿಂಗಳ ವರದಿ ತಯಾರಿಸುವವನು ನನ್ನ ಎದುರು ಟೇಬಲಿನವನು. ಬಟನ್ ಒತ್ತಿ ಎದ್ದುಹೋದ ಸಮಯಕ್ಕೆ ಬೇರೆ ಕಾಲಂ ಬೇಕೆಂದು ಅವನಿಗೆ ಬರೆದು ಕಳಿಸಿದೆ, ಬಾಯಲ್ಲೂ ಹೇಳಿದೆ. ಕಿವಿಯಲ್ಲಿ ಹೆಡ್‌ಫೋನು; ತಲೆ ಮಾತ್ರ ಆಡಿಸಿದ.

ಅಕ್ಕ ನಿಯತ್ತಾಗಿ ಪ್ರತಿಸಲ ಒತ್ತಿದಳು. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ತೆಗೆದರು. ಸೋಮಾರಿಗಳಲ್ಲಿ ಮೊದಲ ಹೆಸರು ಅವಳದು. ಫ್ಯಾನಿನವಳಿಗೆ ಶಹಬ್ಬಾಸ್‌ಗಿರಿ.

ಎದುರು ಟೇಬಲಿನವನ ಹೆಡ್‌ಫೋನು ಕಿತ್ತೆಳೆದೆ.

“ಆ ಬಟನ್ ಒತ್ತಿದ್ದನ್ನೆಲ್ಲಾ ‘ಸೀಟಲ್ಲಿಲ್ಲ’ ಅನ್ನೋ ಕಾಲಂಗೇ ಹಾಕ್ಬಿಟ್ಟೆ ಗುರೂ. ಪುಟದಲ್ಲಿ ಜಾಗ ಇರ್ಲಿಲ್ಲ.”

“ಅದು ನನ್ನಕ್ಕ ಕಣೋ!”

“ನಂಗೇನ್ ಗೊತ್ತು? ಯಾರೋ ಯೂಸರ್ ಅಂದ್ಕೊಂಡೆ.”

ಅವತ್ತೇ ಕಾಲಂ ಬೇರೆ ಮಾಡಿ, ವರದಿ ತಿದ್ದಿ ಕಳಿಸಿದೆ. ಆಸ್ಪತ್ರೆಯವರು ಬೇಡವೆಂದರು. ಮೊದಲಿನದೇ ಚೆನ್ನಾಗಿದೆಯಂತೆ, ಯಾರನ್ನು ತೆಗೆಯಬೇಕೆಂದು ಥಟ್ಟನೆ ಗೊತ್ತಾಗುತ್ತದಂತೆ. ಲೀಡ್ ಅದಕ್ಕೂ ಒಪ್ಪಿ, ಮೊದಲಿನದನ್ನೇ ಉಳಿಸಿದ.

ಮನೆಗೆ ಬಂದು ಅಕ್ಕನ ಮುಂದೆ ಲೀಡಿಗೂ ಎದುರು ಟೇಬಲಿನವನಿಗೂ ವಾಚಾಮಗೋಚರ ಬೈದೆ. ಅವಳು ಕೌಂಟರಿನ ಸಮವಸ್ತ್ರ ಮಡಿಚುತ್ತ ಕೂತಿದ್ದಳು, ವಾಪಸು ಕೊಡಬೇಕಿತ್ತು.

“ಬೇರೆ ಯಾರೂ ಆ ಬಟನ್ ಮುಟ್ಟಲಿಲ್ಲ ಕಣೋ,” ಎಂದಳು. “ನೀನು ಮಾಡಿದ್ದು ಅಂತ ನಾನೊಬ್ಬಳು ಒತ್ತಿದೆ.”